ಹೈದರಾಬಾದಿನ ರೈಲೂ ಸರಕಾರದ ಬೊಕ್ಕಸವೂ

ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ, ಇಲ್ಲವೆ ಅವರ ಹಿರಿಯರು, ಈ ಪಟ್ಟಣಕ್ಕೆ ಬಂದುದು ವಾಡಿ ಜಂಕ್ಷನ್ನಿನ ಮಾರ್ಗವಾಗಿ. ಕಲಬುರ್ಗಿಯ ಕಡೆಯವರು ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ದಾಟಿ, ಬೆಳಗಿನ ಜಾವಕ್ಕೆ ಹೈದರಾಬಾದು ಮುಟ್ಟುತ್ತಿದ್ದರು. ಆಗ ಇದು ಪರಸ್ಥಳವಾಗಿರಲಿಲ್ಲ. 1956ನೆಯ ಇಸವಿ ನವಂಬರ 1ರ ವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ವ್ಯಾಜ್ಯಕ್ಕೆ, ವಿದ್ಯೆಗೆ, ನೌಕರಿಗೆ, ಮದುವೆಯ ಜವಳಿಗೆ ಎಲ್ಲಕ್ಕೂ ಇಲ್ಲಿಗೇ ಬರಬೇಕು. ನಾವು ರಾಜ್ಯೋತ್ಸವ ಆಚರಿಸುವ ಈ ದಿನದಿಂದಲೇ ನಮ್ಮ ಹಿರಿಯರು ತಮ್ಮ ರಾಜಧಾನಿಯಲ್ಲಿ ಹೊರನಾಡಿಗರಾದರು ಎಂಬುದನ್ನು ವಾಚಕರು ಮರೆತಿರಲಾರರು.

ಈ ಸಂಚಿಕೆಗೆ ಒಂದು ಐತಿಹಾಸಿಕ ಲೇಖನ ಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾವು ಬರೆಯಬಲ್ಲ ಇತಿಹಾಸ ಯಾವುದೆಂದು ಯೋಚಿಸಬೇಕಾಯಿತು. ಶಾಸನ, ನಾಣ್ಯ, ರಾಜವಂಶಗಳ ವಿಷಯವನ್ನು ಬಲ್ಲವರು ನಮ್ಮಲ್ಲಿ ಬೇರೆ ಇದ್ದಾರೆ. ನಾವು ಬಿ. ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಜಮೆ ಯಾವುದು, ಖರ್ಚು ಯಾವುದು, ಜಾಮೀನು ಯಾರದು ಎಂಬ ಮೂರು ಪ್ರಶ್ನೆಗಳ ಆಚೆಗೆ ನಮ್ಮ ಬುದ್ಧಿ ಹೆಚ್ಚಾಗಿ ಓಡುವುದಿಲ್ಲ. ಆದುದರಿಂದ ಆ ಮೂರು ಪ್ರಶ್ನೆಗಳನ್ನೇ ಈ ಊರಿನ ರೈಲಿಗೆ ಹಾಕಿ ನೋಡಿದ್ದೇವೆ. ದಿನವೂ ನಮ್ಮನ್ನು ಹೊತ್ತು ತಿರುಗುವ ಮೆಟ್ರೋ ಗಾಡಿಯ ಹಣದ ಕಥೆಯು ನೂರೈವತ್ತು ವರ್ಷಗಳ ಹಿಂದಿನ ವಾಡಿಯ ಹಳಿಯಿಂದಲೇ ಆರಂಭವಾಗುತ್ತದೆಂಬುದು ನಮಗೂ ಈ ನೆಪದಲ್ಲಿಯೇ ಹೊಳೆಯಿತು.

ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದುದು 1874ರಲ್ಲಿ. ಮುಂಬಯಿಯಿಂದ ಮದರಾಸಿಗೆ ಹೋಗುವ ದೊಡ್ಡ ಮಾರ್ಗಕ್ಕೆ ಸಿಕಂದರಾಬಾದಿನ ದಂಡನ್ನು ಜೋಡಿಸಬೇಕೆಂಬುದು ಆಂಗ್ಲರ ಅಪೇಕ್ಷೆ. ಅದಕ್ಕೆ ತಗಲಿದ ವೆಚ್ಚ ಮಾತ್ರ ನಿಜಾಮ ಸಂಸ್ಥಾನದ್ದು. ಆಗ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು ಲೆಕ್ಕದಲ್ಲಿ ಬಹು ಬಿಗಿಯಾದ ಮನುಷ್ಯರು. ಹಾಳಾಗಿದ್ದ ಬೊಕ್ಕಸವನ್ನು ಒಂದು ದಾರಿಗೆ ತಂದವರು. ನೂರು ಮೈಲಿಗೂ ಮಿಕ್ಕಿದ ಈ ಹಳಿಯ ಭಾರವನ್ನು ಹೊತ್ತ ಮೇಲೆ ಅದು ಆದಾಯ ತರುವುದಕ್ಕಿಂತ ಹೆಚ್ಚಾಗಿ ತಿನ್ನುವುದೇ ಎಂಬ ಚಿಂತೆ ಅವರನ್ನು ಬಾಧಿಸಿತು. 1883ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಅದೇ ವರ್ಷ ಹೊಸ ಏರ್ಪಾಟೊಂದು ಮುಂದೆ ಬಂದಿತು. ಹಳಿಯನ್ನು ಸಿಕಂದರಾಬಾದಿನಿಂದ ವರಂಗಲ್ಲಿನ ಕಡೆಗೂ, ಅಲ್ಲಿಂದಾಚೆಗೆ ಚಾಂದಾ ಮತ್ತು ಬೆಜವಾಡಗಳ ಕಡೆಗೂ ಬೆಳೆಯಿಸಬೇಕು. ಅದಕ್ಕಾಗಿ ಲಂಡನ್ನಿನಲ್ಲಿ ಒಂದು ಕಂಪೆನಿಯನ್ನು ಕಟ್ಟಬೇಕು. ಅಲ್ಲಿಯ ಜನರು ಹಾಕಿದ ಬಂಡವಾಳಕ್ಕೆ ನಿಜಾಮ ಸರಕಾರವು ಇಪ್ಪತ್ತು ವರ್ಷಗಳ ಕಾಲ ನೂರಕ್ಕೆ ಐದರಂತೆ ಬಡ್ಡಿಯ ಭರವಸೆ ಕೊಡಬೇಕು. ಹೀಗೆ ಹುಟ್ಟಿದುದೇ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಹೆಸರಿನ ನಡುವೆ ಇರುವ ಆ ‘ಗ್ಯಾರಂಟೀಡ್’ ಎಂಬ ಶಬ್ದವನ್ನು ವಾಚಕರು ಗಮನಿಸಬೇಕು. ನಮ್ಮ ಕೌಂಟರಿಗೆ ಆಗಾಗ ಬರುವ ಒಬ್ಬ ಸಜ್ಜನರು, ಭಾವಮೈದುನನ ಸಾಲಕ್ಕೆ ಬರಿಯ ರುಜು ಹಾಕಿದೆನಲ್ಲದೆ ಹಣವನ್ನು ತಾವು ಕಣ್ಣಿನಿಂದಲೂ ಕಾಣಲಿಲ್ಲವೆಂದು ಪ್ರತಿ ಸಲವೂ ಹೇಳುತ್ತಾರೆ. ಅವರ ಸಂಬಳದಿಂದ ಕಂತು ಹೋಗುವುದು ಮಾತ್ರ ನಿಂತಿಲ್ಲ. ಜಾಮೀನೆಂದರೆ ಅದು. ಗಾಡಿ ತುಂಬಿ ಓಡಿದರೆ ಲಾಭ ಪಾಲುದಾರನಿಗೆ, ಖಾಲಿ ಓಡಿದರೆ ಐದು ರೂಪಾಯಿ ರೈತನ ಕಂದಾಯದಿಂದ.

ಇದನ್ನು ಆ ಕಾಲದ ಹೈದರಾಬಾದಿನಲ್ಲಿ ಕೆಲವರು ಚೆನ್ನಾಗಿ ತಿಳಿದುಕೊಂಡರು. ಹೈದರಾಬಾದ್ ಕಾಲೇಜಿನ ಮುಖ್ಯಸ್ಥರಾಗಿದ್ದ ಅಘೋರನಾಥ ಚಟ್ಟೋಪಾಧ್ಯಾಯರು, ಅಂದರೆ ಸರೋಜಿನೀ ನಾಯ್ಡು ಅವರ ತಂದೆಯವರು, ಮುಲ್ಲಾ ಅಬ್ದುಲ್ ಖಯ್ಯೂಮರು ಮೊದಲಾದವರು ಕೂಡಿಕೊಂಡು, ಈ ಯೋಜನೆಯ ಕಾಗದಪತ್ರಗಳನ್ನು ಜನರ ಮುಂದಿಡಬೇಕು, ಒಪ್ಪಂದಕ್ಕೆ ಮುಂಚೆ ಸಂಸ್ಥಾನದ ಜನ ಅದನ್ನು ಪರಿಶೀಲಿಸಬೇಕು ಎಂದು ಕೇಳಿದರು. ಅವರು ಕೇಳಿದುದು ಇಷ್ಟೇ. 1883ರ ಮೇ ತಿಂಗಳಲ್ಲಿ ಅಘೋರನಾಥರನ್ನು ಕೆಲಸದಿಂದ ತಪ್ಪಿಸಿ ಸಂಸ್ಥಾನದಿಂದಲೇ ಹೊರಗೆ ಕಳುಹಿಸಲಾಯಿತು. ಮುಂದೆ ಕೆಲವು ವರ್ಷಗಳ ತರುವಾಯ ಅವರನ್ನು ಹಿಂದಕ್ಕೆ ಕರೆಯಿಸಿಕೊಂಡರೆಂಬುದು ಬೇರೆ ಮಾತು. ಈ ಊರಿನ ಸಾರ್ವಜನಿಕ ಜೀವನದ ಮೊದಲನೆಯ ಚಳವಳಿ ಎಂದು ಇತಿಹಾಸಕಾರರು ಎಣಿಸುವುದು ಈ ಚಾಂದಾ ರೈಲಿನ ಪ್ರಕರಣವನ್ನು. ಧರ್ಮಕ್ಕಾಗಿ ಅಲ್ಲ, ಭಾಷೆಗಾಗಿ ಅಲ್ಲ, ಒಂದು ಬಡ್ಡಿಯ ಕರಾರಿಗಾಗಿ ಜನ ಮೊದಲು ಬಾಯಿ ತೆರೆದರೆಂಬುದು ಬ್ಯಾಂಕಿನವರಾದ ನಮಗೆ ಒಂದು ಬಗೆಯ ಹೆಮ್ಮೆಯ ಸಂಗತಿ.

ಆ ಕಂಪೆನಿಯನ್ನು ನಿಜಾಮ ಸರಕಾರವು 1930ರಲ್ಲಿ ಕೊಂಡುಕೊಂಡಿತು. ಅಷ್ಟರಲ್ಲಿ, 1916ರಲ್ಲಿ, ಕಾಚಿಗುಡದ ಗುಮ್ಮಟಗಳ ನಿಲ್ದಾಣವೂ ಎದ್ದಿತ್ತು. ಅದರ ಆಸುಪಾಸಿನಲ್ಲಿಯೇ ನಮ್ಮ ಕನ್ನಡ ಮನೆಗಳು, ನೃಪತುಂಗ ಶಾಲೆ, ಬಡೀ ಚೌಡಿಯ ಅಂಗಡಿಗಳು. ಸ್ವಾತಂತ್ರ್ಯಾನಂತರ ಈ ಹಳಿಗಳೆಲ್ಲ ಭಾರತದ ರೈಲ್ವೆಗೆ ಸೇರಿದವು. ಅಲ್ಲಿಂದ ಐವತ್ತು ವರ್ಷ ಪಟ್ಟಣದೊಳಗಿನ ಸಂಚಾರದ ಮಟ್ಟಿಗೆ ಹೇಳಿಕೊಳ್ಳುವಂಥ ಹೊಸ ಮಾತೇನೂ ನಡೆಯಲಿಲ್ಲ.

2003ರ ಆಗಸ್ಟಿನಲ್ಲಿ ಎಂ.ಎಂ.ಟಿ.ಎಸ್. ಎಂಬ ಸ್ಥಳೀಯ ಗಾಡಿಗಳು ಹಳೆಯ ಹಳಿಗಳ ಮೇಲೆಯೇ ಆರಂಭವಾದವು. ವೆಚ್ಚವನ್ನು ರೈಲ್ವೆಯೂ ರಾಜ್ಯವೂ ಸಮಸಮನಾಗಿ ಹಂಚಿಕೊಂಡವು. ಅಗ್ಗದ, ಗಲಾಟೆಯಿಲ್ಲದ ಕೆಲಸ. ಎರಡನೆಯ ಹಂತಕ್ಕೆ ಮಾತ್ರ ಮೂರರಲ್ಲಿ ಎರಡು ಪಾಲು ರಾಜ್ಯದ್ದೆಂದು ಗೊತ್ತುಪಡಿಸಿದರು. ಆ ಪಾಲು ಬರುವುದು ತಡವಾಗುತ್ತ ಹೋಗಿ, ಆಮೇಲಿನ ಗಾಡಿಗಳು ಓಡುವ ಹೊತ್ತಿಗೆ 2023 ಬಂದಿತ್ತು. ಸಣ್ಣ ಯೋಜನೆಯೂ ಎರಡು ಕೈಗಳ ನಡುವೆ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ಅದೊಂದು ಸಣ್ಣ ಉದಾಹರಣೆ. ನಾವು ಹೇಳಹೊರಟುದು ದೊಡ್ಡದರ ಮಾತು.

ಮೆಟ್ರೋದ ವಿವರವಾದ ವರದಿಯನ್ನು ದಿಲ್ಲಿ ಮೆಟ್ರೋದವರಿಂದ ಬರೆಯಿಸಿದುದು ಅದೇ ಕಾಲದಲ್ಲಿ, ಚಂದ್ರಬಾಬು ನಾಯ್ಡು ಅವರು ಮುಖ್ಯಮಂತ್ರಿಗಳಾಗಿದ್ದಾಗ. ಹಣ ಕೂಡಿಸುವ ಬಗೆ ಎರಡು ಇದ್ದವು. ದಿಲ್ಲಿಯ ಬಗೆ: ಕೇಂದ್ರವೂ ರಾಜ್ಯವೂ ಸಮಪಾಲು ಹಾಕಿ ಒಂದು ಕಂಪೆನಿ ಕಟ್ಟುವುದು, ಉಳಿದುದನ್ನು ಕಡಿಮೆ ಬಡ್ಡಿಗೆ ಜಪಾನಿನಿಂದ ಸಾಲ ತರುವುದು. ಎರಡನೆಯದು, ಖಾಸಗಿಯವರಿಗೆ ಮಾರ್ಗವನ್ನೂ ಒಂದಿಷ್ಟು ಭೂಮಿಯನ್ನೂ ಒಪ್ಪಿಸಿ, ನೀವೇ ಕಟ್ಟಿ, ನೀವೇ ಓಡಿಸಿ, ಗೊತ್ತಾದ ವರ್ಷಗಳ ಮೇಲೆ ನಮಗೆ ಹಿಂದಿರುಗಿಸಿ ಎನ್ನುವುದು. ನಮ್ಮ ಬೆಂಗಳೂರು ಮೊದಲು ಎರಡನೆಯ ದಾರಿಯನ್ನು ಹಿಡಿಯಲು ಹೋಗಿತ್ತು. 1994ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ಹುಟ್ಟಿಸಿ, ಖಾಸಗಿ ಕೂಟದೊಡನೆ ಮಾತುಕತೆ ನಡೆಸಿ, ಒಂದು ಕಂಬವನ್ನೂ ನೆಡದೆ ಆ ದಾರಿಯನ್ನು ಬಿಟ್ಟು, ಕಡೆಗೆ ದಿಲ್ಲಿಯ ಬಗೆಯನ್ನೇ ಅನುಸರಿಸಿತು. 2006ರ ಜೂನಿನಲ್ಲಿ ಶಂಕುಸ್ಥಾಪನೆ, 2011ರ ಅಕ್ಟೋಬರದಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೊದಲ ಗಾಡಿ. ಹೈದರಾಬಾದು ಖಾಸಗಿ ದಾರಿಯಲ್ಲಿಯೇ ಮುಂದುವರಿಯಿತು.

ಖಾಸಗಿಯವನಿಗೆ ಲಾಭ ಸಾಲದೆ ಬಂದರೆ ಕೊರತೆಯ ಒಂದು ಭಾಗವನ್ನು ಕೇಂದ್ರ ಸರಕಾರವು ನೆರವಾಗಿ ಕೊಡುವ ಕ್ರಮವೊಂದಿದೆ. ಯಾರು ಅತಿ ಕಡಿಮೆ ನೆರವು ಕೇಳುತ್ತಾರೋ ಅವರಿಗೆ ಕೆಲಸ. 2008ರಲ್ಲಿ ಟೆಂಡರುಗಳನ್ನು ಬಿಚ್ಚಿ ನೋಡಿದಾಗ ಒಂದು ವಿಚಿತ್ರ ಕಂಡುಬಂದಿತು. 12,132 ಕೋಟಿ ರೂಪಾಯಿಗಳ ಯೋಜನೆಗೆ ಉಳಿದವರು ಸಾವಿರಗಟ್ಟಲೆ ಕೋಟಿ ನೆರವು ಕೇಳಿದ್ದರೆ, ಮೈತಾಸ್ ಕಂಪೆನಿಯ ಮುಂದಾಳುತನದ ಕೂಟವು ನೆರವೇ ಬೇಡ, ಕರಾರಿನ ಅವಧಿಯಲ್ಲಿ ತಾವೇ ಸರಕಾರಕ್ಕೆ 30,311 ಕೋಟಿ ಕೊಡುವುದಾಗಿ ಬರೆದಿತ್ತು! ಮುಖ್ಯಮಂತ್ರಿ ವೈ. ಎಸ್. ರಾಜಶೇಖರ ರೆಡ್ಡಿಯವರ ಸರಕಾರಕ್ಕೆ ಇದು ಆಕಾಶದಿಂದ ಬಿದ್ದ ಭಾಗ್ಯದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೂವತ್ತು ವರ್ಷದ ಮೇಲೆ ಬರುವ ಒಂದು ರೂಪಾಯಿಗೆ ಇಂದಿನ ಬೆಲೆ ಎಷ್ಟು? ನೂರಕ್ಕೆ ಹತ್ತರಂತೆ ಲೆಕ್ಕ ಹಾಕಿದರೆ ಆರು ಪೈಸೆಯೂ ಆಗುವುದಿಲ್ಲ. ಈ ಲೆಕ್ಕವನ್ನು ಬಿ. ಕಾಂ. ಎರಡನೆಯ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲ. ಹಾಗೆ ಮಾಡಿದ ಮೇಲೂ ಪ್ರಶ್ನೆ ಉಳಿಯುತ್ತದೆ: ಜಗತ್ತಿನಲ್ಲಿ ಬಹುತೇಕ ಎಲ್ಲಿಯೂ ತನ್ನ ಕಾಲ ಮೇಲೆ ತಾನು ನಿಲ್ಲದ ಮೆಟ್ರೋ ಇಲ್ಲಿ ದಾನ ಕೊಡುವುದಾದರೂ ಎಲ್ಲಿಂದ?

ಆ ಪ್ರಶ್ನೆಯನ್ನು ಎತ್ತಿದವರು ದಿಲ್ಲಿ ಮೆಟ್ರೋದ ಇ. ಶ್ರೀಧರನ್ನರು. ಅದೇ ವರ್ಷದ ಸೆಪ್ಟೆಂಬರದಲ್ಲಿ ಅವರು ಯೋಜನಾ ಆಯೋಗಕ್ಕೆ ಬರೆದು, ಯೋಜನೆಯೊಂದಿಗೆ ಒಪ್ಪಿಸುವ ಭೂಮಿಯ ವಿಷಯವನ್ನು ಎತ್ತಿ, ಖಾಸಗಿಯವನ ಕಣ್ಣು ತನ್ನ ಸ್ವಂತ ಭೂಮಿಗಳ ಕಡೆಗೆ ಹಳಿಯನ್ನು ಎಳೆದುಕೊಂಡು ಹೋಗುವುದರ ಮೇಲಿರಬಹುದೆಂದು ಎಚ್ಚರಿಸಿದರು. ಸರಕಾರ ಸಿಟ್ಟಾಯಿತು. ಕ್ಷಮೆ ಕೇಳದಿದ್ದರೆ ಮೊಕದ್ದಮೆ ಹೂಡುವುದಾಗಿಯೂ ಹೇಳಿತು. ಅಘೋರನಾಥರ ಕಾಲದಂತೆ ಗಡೀಪಾರು ಮಾಡುವ ಅಧಿಕಾರ ಈಗ ಯಾರಿಗೂ ಇರಲಿಲ್ಲವೆಂಬುದೇ ಭಾಗ್ಯ.

ನಾವು ಆಗ ಈ ಊರಿಗೆ ಬಂದು ಕಾಲೇಜು ಸೇರಿದ್ದೆವು. ಸತ್ಯಂ ಎಂಬ ಹೆಸರಿನ ಆಂಗ್ಲ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಮೈತಾಸ್ ಆಗುತ್ತದೆಂಬುದನ್ನು ಹಾಸ್ಟೆಲಿನ ಗೆಳೆಯನೊಬ್ಬ ಕಂಡುಹಿಡಿದು ನಮಗೆಲ್ಲ ಹೇಳಿದ್ದ. 2008ರ ಡಿಸೆಂಬರ 16ರಂದು ಸತ್ಯಂ ಕಂಪೆನಿಯು ಒಡೆಯರ ಮನೆತನದ್ದೇ ಆದ ಮೈತಾಸ್ ಕಂಪೆನಿಗಳನ್ನು ಕೊಳ್ಳಹೊರಟು, ಷೇರುದಾರರ ಕೂಗಿಗೆ ಬೆದರಿ ಹಿಂದೆಗೆಯಿತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಿದ್ದಿತು: ಲೆಕ್ಕಪತ್ರದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಮರುದಿನ ನಮಗೆ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಮೇಷ್ಟರು ತರಗತಿಗೆ ಬಂದು, ಹಲಗೆಯ ಮೇಲೆ ‘ಬ್ಯಾಂಕ್ ಶಿಲ್ಕು’ ಎಂದು ಬರೆದು, ಅದರ ಮುಂದೆ ಏನೂ ಬರೆಯದೆ ಬಹಳ ಹೊತ್ತು ನಿಂತರು. ಆ ದಿನದ ಪಾಠ ಅಷ್ಟೇ. ನಾವು ಇಂದಿಗೂ ಸಂಜೆ ಶಿಲ್ಕು ತಾಳೆ ನೋಡುವಾಗ ಆ ಖಾಲಿ ಹಲಗೆ ಕಣ್ಣೆದುರಿಗೆ ಬರುತ್ತದೆ.

ಮೈತಾಸಿನವರಿಗೆ ಸಾಲ ಕೊಡುವವರು ಯಾರು? ಗೊತ್ತಾದ ಗಡುವಿನೊಳಗೆ ಹಣದ ಏರ್ಪಾಟು ಆಗಲಿಲ್ಲ. 2009ರ ಜುಲೈಯಲ್ಲಿ ಸರಕಾರ ಕರಾರನ್ನು ರದ್ದುಮಾಡಿತು. ಸೆಪ್ಟೆಂಬರ 2ರಂದು ಮುಖ್ಯಮಂತ್ರಿಗಳು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಡಿಸೆಂಬರಿನಲ್ಲಿ ತೆಲಂಗಾಣ ರಾಜ್ಯದ ಘೋಷಣೆ, ಅದರ ಹಿಂದೆಯೇ ಅದರ ಮುಂದೂಡಿಕೆ, ಬಂದುಗಳು, ರಾಜೀನಾಮೆಗಳು. ಈ ಊರು ಯಾವ ರಾಜ್ಯದ್ದೆಂಬುದೇ ನಿಶ್ಚಯವಿಲ್ಲದ ಹೊತ್ತಿನಲ್ಲಿ, ಕೆ. ರೋಸಯ್ಯನವರ ಸರಕಾರ ಎರಡನೆಯ ಸಲ ಟೆಂಡರು ಕರೆಯಿತು. ಈ ಸಲ ಲಾರ್ಸೆನ್ ಅಂಡ್ ಟೂಬ್ರೋ ಕಂಪೆನಿಯು 1,458 ಕೋಟಿ ನೆರವು ಕೇಳಿ ಗೆದ್ದಿತು. 30,311 ಕೋಟಿ ಕೊಡುತ್ತೇವೆಂದವರ ಜಾಗಕ್ಕೆ 1,458 ಕೋಟಿ ಕೊಡಿರೆಂದವರು ಬಂದರು. 2010ರ ಸೆಪ್ಟೆಂಬರ 4ರಂದು ಕರಾರಾಯಿತು.

ಅದರ ಅಂಕಿಗಳನ್ನು ಇಲ್ಲಿ ಬರೆದಿಡುತ್ತೇವೆ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಒಟ್ಟು 16,375 ಕೋಟಿ. ಅದರಲ್ಲಿ ಕಂಪೆನಿಯ ಸ್ವಂತ ಬಂಡವಾಳ 3,439 ಕೋಟಿ, ಕೇಂದ್ರದ ನೆರವು 1,458 ಕೋಟಿ, ಬ್ಯಾಂಕುಗಳ ಸಾಲ 11,478 ಕೋಟಿ. ಸ್ಟೇಟ್ ಬ್ಯಾಂಕಿನ ಮುಂದಾಳುತನದಲ್ಲಿ ಹತ್ತು ಬ್ಯಾಂಕುಗಳು ಕೂಡಿ ಈ ಸಾಲಕ್ಕೆ ಒಪ್ಪಿದುದು 2011ರ ಮಾರ್ಚಿನಲ್ಲಿ. ಅಂದರೆ ನೂರು ರೂಪಾಯಿಯಲ್ಲಿ ಎಪ್ಪತ್ತು ಸಾಲ. ಬರುವ ಆದಾಯದಲ್ಲಿ ಅರ್ಧ ಟಿಕೇಟಿನಿಂದ, ಸುಮಾರು 45 ಪಾಲು ನಿಲ್ದಾಣಗಳ ಮತ್ತು ಡಿಪೋಗಳ ಬಳಿ ಕೊಟ್ಟ 269 ಎಕರೆ ಭೂಮಿಯಲ್ಲಿ ಕಟ್ಟುವ ಮಳಿಗೆ, ಕಚೇರಿಗಳ ಬಾಡಿಗೆಯಿಂದ, ಉಳಿದ ಐದು ಪಾಲು ಜಾಹೀರಾತಿನಿಂದ ಎಂದು ಲೆಕ್ಕ ಹಾಕಿದ್ದರು. ಗಾಡಿಯ ಹೊಟ್ಟೆಯನ್ನು ಬಾಡಿಗೆಯಿಂದ ತುಂಬಿಸುವ ಉಪಾಯ. ಬಾಡಿಗೆ ಬರಬೇಕಾದರೆ ಊರಿನಲ್ಲಿ ನೆಮ್ಮದಿ ಇರಬೇಕಲ್ಲವೆ?

ಇಲ್ಲಿ ನಮ್ಮ ಸೋದರಮಾವನವರ ಮಾತು ಬರುತ್ತದೆ. ಬಡೀ ಚೌಡಿಯಿಂದ ಸುಲ್ತಾನ್ ಬಜಾರಿಗೆ ಹೋಗುವ ಓಣಿಯಲ್ಲಿ ಅವರದೊಂದು ಬಟ್ಟೆಯ ಅಂಗಡಿ. ಅವರ ತಂದೆಯವರು ಬಾಡಿಗೆಗೆ ಹಿಡಿದದ್ದು. ಮೆಟ್ರೋದ ಮೇಲ್ಸೇತುವೆ ಆ ಓಣಿಯ ಮೇಲೆಯೇ ಹೋಗುವುದೆಂದು ತಿಳಿದಂದಿನಿಂದ ಅಲ್ಲಿಯ ವ್ಯಾಪಾರಿಗಳು, ಕನ್ನಡಿಗರು, ಮರಾಠರು, ಮಾರ್ವಾಡಿಗಳು, ತೆಲುಗರು ಎಲ್ಲರೂ, ಬಾಗಿಲು ಮುಚ್ಚಿ ಮುಷ್ಕರ ಹೂಡಿದರು. ಮಾವನವರು ಕರೀ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಒಂದು ಮಧ್ಯಾಹ್ನ ನಾವು ಅವರಿಗೆ ಊಟದ ಡಬ್ಬಿ ಒಯ್ದಿದ್ದೆವು. “ಏನಪ್ಪಾ ಬ್ಯಾಂಕಿನವ, ಅಂಗಡಿ ಉಳೀತದೋ ಹೋಗ್ತದೋ ಅಂಬೋದು ಒಂದು ಹೇಳಿಬಿಡಲಿ. ಹೋಗ್ತದಂದ್ರ ಬ್ಯಾರೆ ಕಡಿ ನೋಡ್ಕೋತೀನಿ, ಉಳೀತದಂದ್ರ ಮಾಡು ಸರಿಮಾಡಸ್ತೀನಿ. ನಾಕು ವರ್ಷ ಆತು, ಸೋರೋ ಮಾಡಿನ ಕೆಳಗ ಕುಂತೀನಿ” ಎಂದರು. ಯೋಜನೆಯ ಅನಿಶ್ಚಿತತೆ ಎಂದು ಪತ್ರಿಕೆಗಳು ಬರೆಯುವುದರ ಅರ್ಥ ನಮಗೆ ಆದುದು ಆ ಸೋರುವ ಮಾಡನ್ನು ನೋಡಿ.

2014ರ ಜೂನ್ 2ರಂದು ತೆಲಂಗಾಣ ರಾಜ್ಯ ಹುಟ್ಟಿತು. ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ವಿಧಾನಸಭೆಯ ಮುಂದೆಯೂ ಸುಲ್ತಾನ್ ಬಜಾರಿನಲ್ಲಿಯೂ ಮಾರ್ಗವು ನೆಲದಡಿಯಲ್ಲಿ ಹೋಗಬೇಕು, ಹಳೆಯ ಪಟ್ಟಣದಲ್ಲಿ ದಾರಿ ಬದಲಾಗಬೇಕು ಎಂದರು. ಅದೇ ಸೆಪ್ಟೆಂಬರದಲ್ಲಿ ಕಂಪೆನಿಯು ಸರಕಾರಕ್ಕೆ ಬರೆದ ಪತ್ರವೊಂದು ಪತ್ರಿಕೆಗಳಿಗೆ ಸಿಕ್ಕಿತು: ರಾಜ್ಯ ಇಬ್ಭಾಗವಾದ ಮೇಲೆ ಪರಿಸ್ಥಿತಿ ಬದಲಾಗಿದೆ, ಯೋಜನೆ ಹಣಕಾಸಿನ ದೃಷ್ಟಿಯಿಂದ ನಿಲ್ಲುವಂತಿಲ್ಲ, ಬೇಕಾದರೆ ಸರಕಾರವೇ ವಹಿಸಿಕೊಳ್ಳಲಿ ಎಂಬ ತಾತ್ಪರ್ಯ.

ಆ ಪತ್ರಿಕೆಯನ್ನು ನಮ್ಮ ಅಪ್ಪನವರು ಓದಿದ ಬಗೆಯನ್ನು ಮರೆಯಲಾರೆವು. ನಿವೃತ್ತಿಯ ಹಣವೆಲ್ಲ ಕೂಡಿಸಿ, ಮೇಲೆ ನಮ್ಮ ಹೆಸರಿನಲ್ಲಿ ಸಾಲ ತೆಗೆಯಿಸಿ, ನಾಗೋಲಿನ ಹತ್ತಿರ ಎರಡು ಕೋಣೆಯ ಮನೆಯೊಂದನ್ನು ಅವರು ಆ ಬೇಸಿಗೆಯಲ್ಲಿಯೇ ಕೊಂಡಿದ್ದರು. ಮಾರಿದವರು ‘ಮೆಟ್ರೋದಿಂದ ಐದು ನಿಮಿಷ’ ಎಂಬ ಒಂದು ಮಾತಿಗಾಗಿ ಚದರಡಿಗೆ ಹೆಚ್ಚು ಬೆಲೆ ಹಿಡಿದಿದ್ದರು. ಅಪ್ಪನವರು ಪತ್ರಿಕೆಯನ್ನು ಮಡಚಿಟ್ಟು, ಕನ್ನಡಕ ತೆಗೆದು, “ಕಂಬ ಅಂತೂ ನಿಂತಾವಲ್ಲ” ಎಂದಷ್ಟೇ ಹೇಳಿ ಬಾಲ್ಕನಿಗೆ ಹೋದರು. ಕಂಬಗಳು ನಿಂತಿದ್ದುದು ನಿಜ. ಎಲ್ಲಕ್ಕಿಂತ ಮೊದಲು ಕೆಲಸ ನಡೆದುದೇ ನಾಗೋಲಿನ ಕಡೆ. ನಾಗೋಲಿನಿಂದ ಮೆಟ್ಟುಗುಡದ ವರೆಗಿನ ಎಂಟು ಕಿಲೋಮೀಟರು 2015ರ ಯುಗಾದಿಗೆ ತೆರೆಯುವುದೆಂದು ಹೇಳಿದ್ದರು. ತೆರೆಯಲಿಲ್ಲ. ಪರೀಕ್ಷೆಯ ಗಾಡಿಗಳು ಮಾತ್ರ ದೀಪ ಹಾಕಿಕೊಂಡು ಮನೆಯ ಮುಂದೆ ಹೋಗುತ್ತಿದ್ದವು, ಒಳಗೆ ಒಬ್ಬ ಪ್ರಯಾಣಿಕನೂ ಇಲ್ಲ. ಮೂರು ಯುಗಾದಿಗಳು ಹೀಗೆ ಕಳೆದವು. ಅಪ್ಪನವರಿಗೆ ಅದನ್ನು ನೋಡುವುದೇ ಸಂಜೆಯ ಅಭ್ಯಾಸವಾಯಿತು.

ಖಾಲಿ ಗಾಡಿ ಓಡುವಾಗಲೂ ಬಡ್ಡಿ ಓಡುತ್ತಲೇ ಇರುತ್ತದೆ. 11,478 ಕೋಟಿ ಪೂರ್ತಿ ಎತ್ತಿದ ಮೇಲೆ, ನೂರಕ್ಕೆ ಹತ್ತರಂತೆ ಹಿಡಿದರೂ ದಿನಕ್ಕೆ ಮೂರು ಕೋಟಿಗೆ ಮಿಕ್ಕಿ ಬಡ್ಡಿಯಾಗುತ್ತದೆ. ಹೀಗೆಂದು ರಾಜಕಾರಣಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಸುಲ್ತಾನ್ ಬಜಾರಿನವರ ಗೋಳನ್ನು ಕೇಳದಿದ್ದರೆ ಅದನ್ನು ಜನರ ಸರಕಾರ ಎನ್ನುವುದು ಹೇಗೆ? ನಮ್ಮ ದೂರು ಬೇರೆ. ಕೇಳಿ, ತೂಗಿ, ಆರು ತಿಂಗಳಲ್ಲಿ ಒಂದು ಮಾತು ಹೇಳಬಹುದಿತ್ತು. ಕಡೆಗೆ ವಿಧಾನಸಭೆಯ ಮುಂದೆಯೂ ಸುಲ್ತಾನ್ ಬಜಾರಿನಲ್ಲಿಯೂ ಮಾರ್ಗ ಹೋದುದು ಮೇಲಿನಿಂದಲೇ, ಹಳೆಯ ನಕ್ಷೆಯಂತೆಯೇ. ಮಾವನವರ ಅಂಗಡಿ ಉಳಿಯಿತು. ಮುಂಭಾಗದ ಮೂರಡಿ ಜಗಲಿ ಹೋಯಿತು. ಮಾಡನ್ನು ಅವರು ಆಮೇಲೆ ಸರಿಮಾಡಿಸಿದರು.

2017ರ ನವಂಬರ 28ರಂದು ಪ್ರಧಾನಿ ನರೇಂದ್ರ ಮೋದಿಯವರು ಮಿಯಾಪುರದಿಂದ ನಾಗೋಲಿನ ವರೆಗಿನ ಸುಮಾರು ಮೂವತ್ತು ಕಿಲೋಮೀಟರಿನ ಮಾರ್ಗವನ್ನು ಆರಂಭಿಸಿದರು. ಮರುದಿನ ಬೆಳಿಗ್ಗೆ ಅಪ್ಪನವರೂ ನಾವೂ ಮೊದಲ ಗಾಡಿಗಳಲ್ಲೊಂದರಲ್ಲಿ ಅಮೀರಪೇಟೆಗೆ ಹೋಗಿ, ಅಲ್ಲಿ ಇಡ್ಲಿ ತಿಂದು ಹಿಂದಿರುಗಿದೆವು. ಬಸ್ಸಿನಲ್ಲಿ ಒಂದೂವರೆ ತಾಸು ಹಿಡಿಯುತ್ತಿದ್ದ ನಮ್ಮ ಕಚೇರಿಯ ದಾರಿ ಅರ್ಧಕ್ಕೆ ಇಳಿಯಿತು. 2018ರಲ್ಲಿ ಎಲ್. ಬಿ. ನಗರ, 2019ರಲ್ಲಿ ಹೈಟೆಕ್ ಸಿಟಿ ಮತ್ತು ರಾಯದುರ್ಗ, 2020ರ ಫೆಬ್ರವರಿಯಲ್ಲಿ ಜುಬಿಲಿ ಬಸ್ ನಿಲ್ದಾಣದಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದ ವರೆಗೆ. ಒಟ್ಟು 69 ಕಿಲೋಮೀಟರು. ಒಂದೂವರೆ ತಿಂಗಳೊಳಗೆ ಕೋವಿಡ್ ಬಂದಿತು. ಮಾರ್ಚಿನಿಂದ ಸೆಪ್ಟೆಂಬರದ ವರೆಗೆ ಗಾಡಿಗಳೇ ನಿಂತವು. 2020-21ರ ಸಾಲಿನಲ್ಲಿ ಮೆಟ್ರೋ ಕಂಪೆನಿಯ ನಷ್ಟ ಸುಮಾರು 1,767 ಕೋಟಿ. ಬಾಡಿಗೆಯ ಮಳಿಗೆಗಳಿಗೆ ಬರುವವರಿಲ್ಲ. ಕಚೇರಿಯವರು ಮನೆಯಿಂದಲೇ ಕೆಲಸ ಮಾಡತೊಡಗಿದರು. 45 ಪಾಲಿನ ಲೆಕ್ಕ ಕಾಗದದ ಮೇಲೆಯೇ ಉಳಿಯಿತು.

ಅಂದಿನಿಂದ ಮುಂದಿನ ಕಥೆಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇದ್ದಾರೆ. ಬ್ಯಾಂಕುಗಳ ಸಾಲವನ್ನು ತೀರಿಸಿ, ಕಡಿಮೆ ಬಡ್ಡಿಯ ಸಾಲಪತ್ರಗಳನ್ನು ಕಂಪೆನಿ ಹೊರಡಿಸಿತು. ರಾಜ್ಯ ಸರಕಾರ 3,000 ಕೋಟಿ ಬಡ್ಡಿಯಿಲ್ಲದ ಸಾಲದ ಮಾತು ಕೊಟ್ಟು 900 ಕೋಟಿ ಕೊಟ್ಟಿತು. 2022ರ ಡಿಸೆಂಬರಿನಲ್ಲಿ ರಾಯದುರ್ಗದಿಂದ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ 6,250 ಕೋಟಿಯ ಮಾರ್ಗಕ್ಕೆ ಶಂಕುಸ್ಥಾಪನೆಯಾಯಿತು. ಮರುವರ್ಷ ಅದೇ ತಿಂಗಳು ಸರಕಾರ ಬದಲಾಗಿ, ಮುಖ್ಯಮಂತ್ರಿ ರೇವಂತ ರೆಡ್ಡಿಯವರು ಆ ಮಾರ್ಗವನ್ನು ಕೈಬಿಟ್ಟರು. ಹೊಸ ಸರಕಾರ ಹೆಂಗಸರಿಗೆ ಬಸ್ ಪ್ರಯಾಣವನ್ನು ಉಚಿತ ಮಾಡಿತು. ಅದರಿಂದ ತಮ್ಮ ಪ್ರಯಾಣಿಕರು ಕಡಿಮೆಯಾದರೆಂದು ಕಂಪೆನಿಯವರು 2024ರಲ್ಲಿ ಹೇಳಿದರು. ನಮ್ಮ ಮನೆಯವರು ಬಸ್ಸಿಗೇ ಹೋಗುತ್ತಾರೆ. ಉಳಿದ ದುಡ್ಡಿನ ಲೆಕ್ಕವನ್ನು ನಮಗೆ ಒಪ್ಪಿಸುವುದಿಲ್ಲ, ನಾವು ಕೇಳಿಯೂ ಇಲ್ಲ. 2025ರ ಮೇ 17ರಿಂದ ಮೆಟ್ರೋದ ಕನಿಷ್ಠ ದರ 10 ರೂಪಾಯಿಯಿಂದ 12ಕ್ಕೂ, ಗರಿಷ್ಠ ದರ 60ರಿಂದ 75ಕ್ಕೂ ಏರಿತು. ಜನ ಗೊಣಗಿದರು. ಒಂದು ವಾರದಲ್ಲಿ ಅವು 11 ಮತ್ತು 69ಕ್ಕೆ ಇಳಿದವು.

ಎರಡನೆಯ ಹಂತದ ಕಡತ 2024ರ ನವಂಬರದಲ್ಲಿ ದಿಲ್ಲಿಗೆ ಹೋಯಿತು. 76.4 ಕಿಲೋಮೀಟರು, 24,269 ಕೋಟಿ. ಈ ಸಲ ದಿಲ್ಲಿಯ ಬಗೆ: ನೂರಕ್ಕೆ ಮೂವತ್ತು ರಾಜ್ಯ, ಹದಿನೆಂಟು ಕೇಂದ್ರ, ನಲವತ್ತೆಂಟು ಸಾಲ, ಉಳಿದ ನಾಲ್ಕು ಖಾಸಗಿ. ಇಪ್ಪತ್ತು ವರ್ಷ ಸುತ್ತಿ, ಬೆಂಗಳೂರು ಬಂದ ಜಾಗಕ್ಕೆ ಹೈದರಾಬಾದೂ ಬಂದಿತು. ಆದರೆ ಕೇಂದ್ರದವರು, ಮೊದಲ ಹಂತ ಖಾಸಗಿಯವರದು, ಎರಡನೆಯದು ಸರಕಾರದ್ದು. ಟಿಕೇಟು, ಆದಾಯ, ಗಾಡಿಗಳ ಹೊಂದಾಣಿಕೆ ಹೇಗೆ? ಇದರ ಬಗ್ಗೆ ಮೊದಲು ಒಪ್ಪಂದವಾಗಲಿ ಎಂದರು. ಕಂಪೆನಿ ಒಪ್ಪಲಿಲ್ಲ. ಅದಕ್ಕೆ ಬೇಕಾದುದು ಹೊರಗೆ ಹೋಗುವ ಬಾಗಿಲು. 2024-25ರಲ್ಲಿಯೂ ಅದರ ನಷ್ಟ 626 ಕೋಟಿಯ ಹತ್ತಿರ. 2025ರ ಸೆಪ್ಟೆಂಬರದಲ್ಲಿ ರಾಜ್ಯ ಸರಕಾರವೂ ಕಂಪೆನಿಯೂ ತಾತ್ವಿಕವಾಗಿ ಒಂದು ಒಪ್ಪಿಗೆಗೆ ಬಂದವು: ಸುಮಾರು 13,000 ಕೋಟಿ ಸಾಲದ ಹೊಣೆ ಸರಕಾರದ್ದು, ಕಂಪೆನಿಯ ಪಾಲಿಗೆ ಸುಮಾರು 2,000 ಕೋಟಿ ಕೊಟ್ಟು ಮೊದಲ ಹಂತವನ್ನು ಸರಕಾರವೇ ವಹಿಸಿಕೊಳ್ಳುವುದು. 30,311 ಕೋಟಿ ಬರುವುದೆಂದು ಹೊರಟ ಲೆಕ್ಕ 15,000 ಕೋಟಿ ಕೊಡುವಲ್ಲಿಗೆ ಮುಟ್ಟಿತು. 1930ರಲ್ಲಿ ನಿಜಾಮ ಸರಕಾರ ಮಾಡಿದ ಕೊಳ್ಳುವಿಕೆಗೆ ನಲವತ್ತಾರು ವರ್ಷ ಹಿಡಿದಿದ್ದರೆ, ಇದಕ್ಕೆ ಹದಿನೈದೇ ವರ್ಷ ಸಾಕಾಯಿತು.

ಹಳೆಯ ಪಟ್ಟಣದ ಐದೂವರೆ ಕಿಲೋಮೀಟರಿನ ಮಾತು ಉಳಿಯಿತು. 2010ರ ಕರಾರಿನಲ್ಲಿದ್ದ ಫಲಕನುಮಾ ಮಾರ್ಗದ ಆ ತುಂಡನ್ನು ಕಂಪೆನಿ ಕಟ್ಟಲೇ ಇಲ್ಲ. ಚಾರಮಿನಾರು, ಶಾಲಿಬಂಡೆಗಳ ನಿಲ್ದಾಣಗಳು ನಕ್ಷೆಯಲ್ಲಿದ್ದವು. 2024ರ ಮಾರ್ಚಿನಲ್ಲಿ ಅದಕ್ಕೆ ಮತ್ತೆ ಶಂಕುಸ್ಥಾಪನೆ ಮಾಡಿದರು. ಶಾಲಿಬಂಡೆಯಲ್ಲಿರುವ ನಮ್ಮ ಚಿಕ್ಕಮ್ಮನವರ ಮನೆಯ ಗೋಡೆಗೆ ಅಳತೆಯವರು ಬಂದು ಕೆಂಪು ಗುರುತು ಹಾಕಿ ಹೋದರು. ಅದಕ್ಕಿಂತ ಕೆಳಗೆ, ಸುಣ್ಣದಡಿಯಲ್ಲಿ ಮಸುಕಾಗಿ, ಹತ್ತು ವರ್ಷದ ಹಿಂದಿನ ಇನ್ನೊಂದು ಕೆಂಪು ಗುರುತು ಇದೆ. ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಬೇಕೋ ಬೇಡವೋ ಎಂದು ಚಿಕ್ಕಮ್ಮನವರು ನಮ್ಮನ್ನು ಕೇಳಿದರು. ಬ್ಯಾಂಕಿನಲ್ಲಿರುವವರಿಗೆ ಗೊತ್ತಿರುತ್ತದೆಂದು ಅವರ ನಂಬಿಕೆ. ಹೊಡೆಸಿರಿ ಎಂದು ಹೇಳಿ ಬಂದೆವು.